ಹಲ್ಲಿನ ಗುರುತಿದ್ದ ಟಾರ್ಚು

ತಪ್, ತಪ್, ತಪ್.

ಅಂಗೈಗೆ ಟಾರ್ಚು ಬಡಿಯುವ ಸದ್ದು ಅದು. ಶಿಡ್ಲಘಟ್ಟದಿಂದ ಮೂರು ಮೈಲಿ ಆಚೆಗಿನ ಹಳ್ಳಿಯೊಂದರಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಆ ವರ್ಷಗಳನ್ನು ನೆನೆಯಲು ಕೂತರೆ ನನಗೆ ಕೋಳಿ ಕೂಗಿದ್ದಾಗಲಿ ಬಸ್ಸಿನ ಹಾರನ್ನಾಗಲಿ ಕೇಳಿಸುವುದಿಲ್ಲ, ಈ ತಪ್ ತಪ್ಪೇ ಕೇಳಿಸುತ್ತದೆ. ಸಂಜೆ ಕರೆಂಟು ಹೋದದ್ದೇ ತಡ, ನಮ್ಮ ಸಾಲಿನ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಎಲ್ಲರೂ ತಮ್ಮ ತಮ್ಮ ಟಾರ್ಚಿಗೆ ಏಟು ಕೊಡಲು ಶುರುಮಾಡುತ್ತಿದ್ದರು. ಕೈವಾರಕ್ಕೆ ಹೊರಟ ಭಜನೆಯವರು ತಾಳ ತಪ್ಪಿ ಚಪ್ಪಾಳೆ ಹೊಡೆದ ಹಾಗೆ.

ಏಟು ತಿಂದ ಟಾರ್ಚು ಒಂದು ಕ್ಷಣ ಬೆಚ್ಚಿ ಕಣ್ಣು ಬಿಡುತ್ತದೆ. ಆಮೇಲೆ ಮತ್ತೆ ಮುಚ್ಚುತ್ತದೆ. ಆ ಒಂದು ಕ್ಷಣವನ್ನು ನಮ್ಮ ಜನ ರಿಪೇರಿ ಎನ್ನುತ್ತಾರೆ. ನಗಬೇಡಿ, ನಾನು ಓದಿದ ಕಾನ್ವೆಂಟಿನಲ್ಲಿ ನಮಗೂ ಅದೇ ರಿಪೇರಿ ನಡೆಯುತ್ತಿತ್ತು: ಅಂಗೈ ಮೇಲೆ, ಫುಟ್‌ರೂಲರಿನಿಂದ. ಒಂದು ಕ್ಷಣ ನಾವೂ ಬೆಳಗುತ್ತಿದ್ದೆವು.

ನಾನು ಇಂಗ್ಲಿಷ್ ಟೀಚರ್. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಹೇಳಿಕೊಟ್ಟು, ಅದನ್ನು ಕಲಿತ ಒಬ್ಬರನ್ನೂ ಕಾಣದೆ ರಿಟೈರ್ ಆದೆ. ಮದುವೆ ಆಗಲಿಲ್ಲ. ಅದರ ಕಾರಣವನ್ನು ಬೇರೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ರಿಟೈರ್ ಆದಮೇಲೆ ಆ ಹಳ್ಳಿಯಲ್ಲಿ ಮುನಿರತ್ನಮ್ಮನ ಮನೆಗೆ ಅಂಟಿಕೊಂಡ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದೆ. ಈಗ ಚಿಕ್ಕಬಳ್ಳಾಪುರದಲ್ಲಿ ತಮ್ಮನ ಮಗಳ ಮನೆಯ ಮುಂದಿನ ಕೋಣೆಯಲ್ಲಿದ್ದೇನೆ. ಇಲ್ಲಿ ಯುಪಿಎಸ್ ಇದೆ. ಕರೆಂಟು ಹೋದರೆ ಗೊತ್ತಾಗುವುದೂ ಇಲ್ಲ. ಟಾರ್ಚು ಯಾರಿಗೂ ಬೇಡ. ಇದ್ದರೂ ಫೋನಿನಲ್ಲಿರುತ್ತದೆ, ಅದನ್ನು ಯಾರೂ ಬಡಿಯುವುದಿಲ್ಲ.

ಟಾರ್ಚಿನ ಡಾಕ್ಟರಿಕೆ ನನಗೆ ಹತ್ತಿದ್ದು ಜಿಪುಣತನದಿಂದ. ಬೆರಳುದ್ದದ, ಒಂಬತ್ತು ಎಲ್‌ಇಡಿ ಬಲ್ಬುಗಳ ಪುಟ್ಟ ಟಾರ್ಚು ತಂದ ತಿಂಗಳಲ್ಲೇ ಕೈಕೊಟ್ಟಿತು. ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಅಂಗಡಿಯವನು ಅದನ್ನು ಮುಟ್ಟದೆಯೇ, "ಹೊಸದು ತಗೊಳ್ಳಿ ಮೇಡಂ, ಇವೆಲ್ಲ ರಿಪೇರಿ ಆಗಲ್ಲ" ಎಂದ. ಈ "ಆಗಲ್ಲ" ಎಂಬ ಮಾತು ನನ್ನನ್ನು ಚುಚ್ಚಿತು. ನನ್ನನ್ನೂ ಯಾರಾದರೂ ಹಾಗೆ ಅಂದಿರಬಹುದು ಎಂದೋ ಏನೋ.

ಆಗ ನೆನಪಿಗೆ ಬಂದವರು ಕಾನ್ವೆಂಟಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದ ಸಿಸ್ಟರ್ ಆಗ್ನೆಸ್. ದಪ್ಪ ಕನ್ನಡಕ, ನಿಲುವಂಗಿಯ ಸುಕ್ಕಿಲ್ಲದ ಬಿಳಿ ತೋಳು. "ಬೈ ಎಲಿಮಿನೇಷನ್, ಗರ್ಲ್ಸ್. ಡೋಂಟ್ ಗೆಸ್. ತಪ್ಪಿಲ್ಲದ್ದನ್ನೆಲ್ಲ ಒಂದೊಂದಾಗಿ ಪಕ್ಕಕ್ಕಿಡಿ, ಉಳಿದದ್ದೇ ತಪ್ಪಿತಸ್ಥ." ಸರಿ, ಸಿಸ್ಟರ್. ಸೆಲ್ ಬದಲಿಸಿದೆ: ಹತ್ತಲಿಲ್ಲ. ಆದ್ದರಿಂದ ಸೆಲ್ ನಿರಪರಾಧಿ. ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದು, ಚಾಕೊಲೇಟಿನ ಬೆಳ್ಳಿ ಕಾಗದವನ್ನು ಹುರಿಮಾಡಿ, ಅದರ ಒಂದು ತುದಿಯನ್ನು ಸೆಲ್ಲಿನ ತಳಕ್ಕೂ ಇನ್ನೊಂದನ್ನು ಟಾರ್ಚಿನ ಲೋಹದ ಅಂಚಿಗೂ ತಾಗಿಸಿದೆ. ಒಂಬತ್ತೂ ಬಲ್ಬುಗಳು ಒಟ್ಟಿಗೆ ಹತ್ತಿ ನನ್ನ ಕಣ್ಣು ಕುಕ್ಕಿದವು. ಆದ್ದರಿಂದ ಬಲ್ಬೂ ನಿರಪರಾಧಿ. ಉಳಿದದ್ದು ಹಿಂಬದಿಯ ಮುಚ್ಚಳದೊಳಗೆ ಕೂತ ಸ್ವಿಚ್ಚು.

ನೂರಕ್ಕೆ ತೊಂಬತ್ತು ಸಲ ಸ್ವಿಚ್ಚೇ. ಪಾಪ, ಅದರ ಕೆಲಸ ನೋಡಿ. ಬೆಳಕು ಕೊಡುವುದು ಬಲ್ಬು, ಶಕ್ತಿ ಕೊಡುವುದು ಸೆಲ್ಲು, ಹೊಡೆತ ತಿನ್ನುವುದು ಮಾತ್ರ ಸ್ವಿಚ್ಚು. ಅದನ್ನು ಹಿಡಿದಿಟ್ಟಿರುವ ಒಂದು ತೆಳು ಬಳೆ ಸಡಿಲವಾಗಿರುತ್ತದೆ. ಕತ್ತರಿಯ ಎರಡು ತುದಿಗಳನ್ನು ಅದರ ಎರಡು ಗುಳಿಗಳಿಗೆ ಕೊಟ್ಟು ಬಿಗಿಮಾಡಿದರೆ ಅರ್ಧ ಕಾಯಿಲೆ ವಾಸಿ. ಇಲ್ಲವಾದರೆ ಸ್ಪ್ರಿಂಗಿನ ಬುಡಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಬೇಕು. ಅದಕ್ಕೂ ಬಗ್ಗದಿದ್ದರೆ ಸ್ವಿಚ್ಚನ್ನೇ ಬಿಚ್ಚಬೇಕು. ನಾನು ಬಿಚ್ಚಿದ ಮೊದಲನೆಯದರ ಸ್ಪ್ರಿಂಗು ಹಾರಿ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಆಮೇಲಿನಿಂದ ಪಾಲಿಥೀನ್ ಚೀಲದೊಳಗೆ ಕೈಹಾಕಿ ಬಿಚ್ಚಲು ಕಲಿತೆ. ಬಿಡಿ ಸ್ವಿಚ್ಚು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸತ್ತ ಟಾರ್ಚಿನಿಂದ ತೆಗೆದು ಬದುಕಿರುವುದಕ್ಕೆ ಹಾಕಬೇಕು, ಅಷ್ಟೆ. ಆಸ್ಪತ್ರೆಗಳಲ್ಲಿ ಕಣ್ಣು ತೆಗೆದು ಹಾಕುತ್ತಾರಲ್ಲ, ಹಾಗೆ.

ಸುದ್ದಿ ಹರಡಿತು. ಮೂವತ್ತೊಂದು ವರ್ಷ ಗ್ರಾಮರ್ ಕಲಿಸಿ ಗಳಿಸದ ಮರ್ಯಾದೆಯನ್ನು ಮೂರು ತಿಂಗಳಲ್ಲಿ ಟಾರ್ಚು ಗಳಿಸಿಕೊಟ್ಟಿತು. ನನ್ನ ಜಗುಲಿಯ ಮೇಲೆ ಬಿಸ್ಕೆಟ್ ಡಬ್ಬಿಯೊಂದು, ಅದರ ತುಂಬ ಊರಿನ ಟಾರ್ಚುಗಳು. ಅದು ರೇಷ್ಮೆ ಹುಳು ಸಾಕುವ ಊರು. ಹುಳುಮನೆಗೆ ಬೆಳಕು ಆಗದು ಎಂದು ಕಿಟಕಿಗಳಿಗೆಲ್ಲ ಗೋಣಿತಾಟು. ಹುಳು ಮೇಯಿಸುವ ಅಟ್ಟಣೆಯ ಕೆಳಗಿನ ಸಾಲುಗಳಲ್ಲಿ ಹಾಡಹಗಲಲ್ಲೂ ಟಾರ್ಚಿಲ್ಲದೆ ಹುಳು ಕಾಣುವುದಿಲ್ಲ. ಹುಳುಗಳ ಮೇಲೆ ಉದುರಿಸುವ ಸುಣ್ಣದ ಪುಡಿ ಸ್ವಿಚ್ಚಿನೊಳಗೆ ಸೇರಿ ಹಿಟ್ಟಾಗಿರುತ್ತದೆ. ಮುಚ್ಚಳ ಬಿಚ್ಚಿದರೆ ಯಾರ ಮನೆಯದೆಂದು ಕೇಳಬೇಕಾಗಿಯೇ ಇರಲಿಲ್ಲ. ಎಲೆ ಅಡಿಕೆ ಪುಡಿ ಕಂಡರೆ ಅದು ಮೂಲೆಮನೆ ಅಜ್ಜಿಯದು. ಹಿಂಬದಿಯಲ್ಲಿ ಕಪ್ಪು ಬಣ್ಣ ಕಿತ್ತು ಬೆಳ್ಳಗೆ ಎರಡು ಸಾಲು ಹಲ್ಲಿನ ಗುರುತು ಕಂಡರೆ ಅದು ಮುನಿರತ್ನಮ್ಮನದು.

ಅವಳಿಗೆ ಎರಡು ಕೈಯಲ್ಲೂ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡುವ ಅಭ್ಯಾಸ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಲೆ ತಿರುಗಿಸಿದ ಕಡೆ ಬೆಳಕು ಬೀಳಿಸುತ್ತ ಕೆಲಸ ಮಾಡುತ್ತಿದ್ದಳು. ಜೊಲ್ಲು, ಸುಣ್ಣ, ತಾಮ್ರ ಮೂರೂ ಸೇರಿ ಸ್ವಿಚ್ಚು ಹದಿನೈದು ದಿನಕ್ಕೊಮ್ಮೆ ಕೆಟ್ಟು ಕೂರುತ್ತಿತ್ತು.

"ನೋಡಮ್ಮ, ಕಚ್ಚಬೇಡ ಅಂತ ಎಷ್ಟು ಸಲ ಹೇಳಲಿ? ಇಟ್ ಈಸ್ ನಾಟ್ ಎ ಕ್ಯಾರೆಟ್!" ಎನ್ನುತ್ತಿದ್ದೆ.

"ಕಚ್ದೇ ಇದ್ರೆ ಎಲ್ಲಿಕ್ಕೊಳ್ಳಿ ಟೀಚರಮ್ಮ? ದೇವ್ರು ಎರಡೇ ಕೈ ಕೊಟ್ಟವ್ನೆ. ನಮ್ ಅತ್ತೆಗೆ ಮಾತ್ರ ಎರಡು ಬಾಯಿ ಕೊಟ್ಟವ್ನೆ" ಎಂದು ಅವಳು ನಗುತ್ತಿದ್ದಳು. ಹೀಗೆ ಅಂದಮೇಲೆ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದಳು.

ಮುನಿರತ್ನಮ್ಮನಿಗೆ ನಲವತ್ತರ ಹತ್ತಿರ. ಗಂಡ ತೀರಿಕೊಂಡು ಆರು ವರ್ಷ. ಅತ್ತೆ ಅಕ್ಕಯಮ್ಮ, ಮೈದುನ ನಾಗರಾಜ, ಅವನ ಹೆಂಡತಿ ಭಾಗ್ಯ ಇದ್ದ ಮನೆ. ಜಮೀನಿನ ಮಾತಿನಲ್ಲಿ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಹುಳುಮನೆ ಅವಳದು. ಅವಳ ಕೈಗೆ ಹುಳು ಒಗ್ಗುತ್ತದೆ ಎಂದು ಊರೇ ಹೇಳುತ್ತಿದ್ದರಿಂದ ಅಕ್ಕಯಮ್ಮನೂ ಆ ಬಾಗಿಲಲ್ಲಿ ತಲೆ ತಗ್ಗಿಸುತ್ತಿದ್ದಳು. ಅದೊಂದು ಬಾಗಿಲಿನೊಳಗೆ ಮುನಿರತ್ನಮ್ಮ ಸೊಸೆಯಲ್ಲ, ಒಡತಿ. ಚಪ್ಪಲಿ ಹೊರಗೆ, ಕೈಕಾಲು ಬ್ಲೀಚಿಂಗ್ ಪೌಡರಿನ ನೀರಿಗೆ, ಆಮೇಲೆ ಒಳಗೆ. ಬೇರೆ ಮನೆಯ ಬುಟ್ಟಿ, ಕುಡುಗೋಲು, ತಟ್ಟೆ ಒಂದೂ ಆ ಹೊಸಿಲು ದಾಟುವಂತಿರಲಿಲ್ಲ. ಯಾರ ಮನೆಯ ರೋಗ ಯಾವುದಕ್ಕೆ ಅಂಟಿಕೊಂಡು ಬರುತ್ತದೋ ಯಾರು ಬಲ್ಲರು? ಒಂಬತ್ತು ವರ್ಷದಲ್ಲಿ ನನ್ನನ್ನು ಒಳಗೆ ಕರೆದದ್ದು ಎರಡು ಸಲ.

ಇನ್ನು ಆಂಜಿನಪ್ಪನ ಟಾರ್ಚಿನ ವಿಷಯ. ಇದನ್ನು ಬರೆಯಲೆಂದೇ ಕೂತಿದ್ದೇನೆ, ಆದರೂ ಇಲ್ಲಿಯವರೆಗೆ ಸುತ್ತು ಹಾಕಿದೆ.

ಆಂಜಿನಪ್ಪ ಹಿಂದಿನ ಬೀದಿಯವನು. ಅವನ ಹುಳುಗಳಿಗೆ ಆ ಸಲ ಹಾಲು ರೋಗ ಬಂದಿತ್ತು. ಮೈ ಊದಿ, ಚರ್ಮ ಒಡೆದು, ಹಾಲಿನಂಥ ನೀರು ಸುರಿಸಿ ಹುಳು ಸಾಯುತ್ತದೆ. ಅವನು ಎಲ್ಲವನ್ನೂ ಗುಂಡಿಗೆ ಹಾಕಿ ಸುಣ್ಣ ಸುರಿದ. ಆ ಬೇಸರದಲ್ಲಿ ಎಸೆದನೋ, ಕೈಜಾರಿತೋ, ಟಾರ್ಚಿನ ಮುಂಭಾಗ ನುಚ್ಚಾಗಿತ್ತು. ನನ್ನ ಜಗುಲಿಗೆ ಬಂದು, "ಮೂತಿ ಹೋಯ್ತು ಟೀಚರಮ್ಮ. ಹಿಂದ್ಗಡೆ ಬಟನ್ನು ಮಾತ್ರ ಟಕ್ ಅಂತದೆ. ಬೇಕಾದ್ರೆ ಇಕ್ಕೊಳ್ಳಿ, ಯಾವ್ದಕ್ಕಾರ ಆಯ್ತದೆ" ಎಂದು ಡಬ್ಬಿಗೆ ಹಾಕಿ ಹೋದ. ಒತ್ತಿ ನೋಡಿದೆ. ಹಸಿರು ರಬ್ಬರಿನ ಬಟನ್ನು, ಒಳ್ಳೆಯ ಗಟ್ಟಿ ಸದ್ದು. ಐ ವಾಸ್ ಡಿಲೈಟೆಡ್. ಬಿಡಿಭಾಗ ಸಿಕ್ಕಿತಲ್ಲ!

ನಾಲ್ಕೈದು ದಿನ ಕಳೆದಿರಬೇಕು. ಮುನಿರತ್ನಮ್ಮನ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಪೊರೆ ಬಿಡಲು ಹುಳು ಮೇವು ಬಿಟ್ಟು ಮಲಗುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅಲ್ಲಿಂದ ಗೂಡು ಕಟ್ಟುವವರೆಗೆ ಅದು ತಿಂದಷ್ಟೂ ಸಾಲದು. ಅವಳಿಗೆ ಕೂರಲು ಪುರುಸೊತ್ತಿಲ್ಲದ ವಾರ. ಮಧ್ಯಾಹ್ನ ಓಡಿ ಬಂದು ಗೇಟಿನಾಚೆಯಿಂದಲೇ ಟಾರ್ಚು ಚಾಚಿದಳು. "ಸೊಪ್ಪು ಹಾಕ್ಬೇಕು ಟೀಚರಮ್ಮ, ಕೆಳಗ್ಲ ಸಾಲು ಒಂದೂ ಕಾಣ್ತಿಲ್ಲ. ಬೇಗ ಏನಾದ್ರು ಮಾಡಿ."

ಬೆಳ್ಳಿ ಕಾಗದ ಇಟ್ಟೆ. ಹತ್ತಿತು. ಸ್ವಿಚ್ಚು ಬಿಚ್ಚಿದೆ, ಒಳಗೆ ತಗಡೇ ತಿಂದು ಹೋಗಿತ್ತು. ಡಬ್ಬಿಯಿಂದ ಆಂಜಿನಪ್ಪನದನ್ನು ತೆಗೆದು, ಸ್ವಿಚ್ಚನ್ನೂ ಅದರ ಹಸಿರು ರಬ್ಬರನ್ನೂ ಕಿತ್ತು ಇದಕ್ಕೆ ಕೂರಿಸಿ, ಬಳೆ ಬಿಗಿದು, ಹತ್ತು ನಿಮಿಷದಲ್ಲಿ ಕೈಗಿಟ್ಟೆ. ಸ್ಪಿರಿಟ್ ಬಾಟಲಿ ಪಕ್ಕದಲ್ಲೇ ಇತ್ತು. ಕೆಟ್ಟ ಸ್ವಿಚ್ಚಾಗಿದ್ದರೆ ತೊಳೆದು ಒರೆಸುತ್ತಿದ್ದೆ. ಇದು ಒಳ್ಳೆಯ ಸ್ವಿಚ್ಚು, ಒಳ್ಳೆಯದನ್ನು ಯಾಕೆ ತೊಳೆಯಬೇಕು? ಹಾಗಂತ ಯೋಚಿಸಿದೆ ಎಂದೂ ಹೇಳಲಾರೆ. ಯೋಚಿಸಲೇ ಇಲ್ಲ. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಓಡಿದಳು. ಹೊಸಿಲಲ್ಲಿ ಕೈಕಾಲು ಅದ್ದಿದ್ದಳು, ನನಗೆ ಗೊತ್ತು. ನಾನು ಕೊಟ್ಟ ಟಾರ್ಚನ್ನು ಮಾತ್ರ ಅದ್ದಿರಲಾರಳು. ನೀರು ಹೋದರೆ ಸ್ವಿಚ್ಚು ಕೆಡುತ್ತದೆ ಎಂದು ಅವಳಿಗೆ ಕಲಿಸಿದವಳು ನಾನೇ.

ಆರನೆಯ ದಿನ ಹುಳುಗಳು ಗೂಡು ಕಟ್ಟಲು ಹತ್ತಬೇಕಿತ್ತು. ಹತ್ತಲಿಲ್ಲ. ಅಟ್ಟಣೆಯ ಅಂಚಿನುದ್ದಕ್ಕೂ ಹಾದಿ ತಪ್ಪಿದವರಂತೆ ಹರಿದಾಡಿದವು. ಊದಿಕೊಂಡಿದ್ದವು. ಮುಟ್ಟಿದರೆ ಒಡೆದು ಬೆಳ್ಳಗೆ ಸುರಿಯಿತು. ನಾನು ಗೇಟಿನ ಹತ್ತಿರ ನಿಂತಿದ್ದೆ. ಮುನಿರತ್ನಮ್ಮ ಮೊರದ ಮೇಲೆ ಮೊರ ಹೊತ್ತು ಹಿತ್ತಲಿನ ಗುಂಡಿಗೆ ಹಾಕುತ್ತಿದ್ದಳು. ಅಳುತ್ತಿರಲಿಲ್ಲ. ನಾನು ಒಳಗೆ ಬಂದು ಬಿಸ್ಕೆಟ್ ಡಬ್ಬಿಯ ಮುಚ್ಚಳ ತೆಗೆದೆ. ಆಂಜಿನಪ್ಪನ ಟಾರ್ಚು, ಮೂತಿಯೂ ಇಲ್ಲದೆ ಹಿಂಬದಿಯೂ ಇಲ್ಲದೆ, ಬರೀ ಕೊಳವೆಯಾಗಿ ಬಿದ್ದಿತ್ತು. ಎಲಿಮಿನೇಷನ್ನಿಗೆ ಎರಡು ನಿಮಿಷವೂ ಹಿಡಿಯಲಿಲ್ಲ.

ಸಂಜೆ ಅಂಗಳದಲ್ಲಿ ಪಂಚಾಯ್ತಿ. ಅಕ್ಕಯಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. "ಈ ಮನೇಗೆ ಇಪ್ಪತ್ತು ವರ್ಷದಿಂದ ಆಲು ರೋಗ ಬಂದಿರ್ಲಿಲ್ಲ. ಸುದ್ದವಾಗಿ ಒಳೀಕ್ ಓಗೋರು ಓಗಿದ್ರೆ ತಾನೆ?"

"ನಾನ್ ಯಾವತ್ತು ಕೈ ತೊಳೀದೆ ಓಗಿದೀನಿ ಅತ್ತೆ? ಹೇಳಿ" ಎಂದಳು ಮುನಿರತ್ನಮ್ಮ.

"ಮತ್ತೆ ರೋಗ ಏನು ಗೋಡೆ ಆರ್ಕೊಂಡ್ ಬಂತಾ ಅತ್ತಿಗೆ?" ಎಂದ ನಾಗರಾಜ. "ಯಾರ್ ಮನೇಗೋ ಓಗಿರ್ತೀಯ, ಯಾರ್ ಉಳನೋ ಮುಟ್ಟಿರ್ತೀಯ. ಇನ್ನು ಮೇಲೆ ಭಾಗ್ಯ ನೋಡ್ಕೊಳ್ಳಿ ಉಳದ್ ಮನೆ."

ಆಗ ನಾನು ಬಾಯಿ ಬಿಟ್ಟೆ. ದೇವರೇ, ಬಿಡದಿದ್ದರೇ ಚೆನ್ನಾಗಿತ್ತು. "ನೋಡು ನಾಗರಾಜ, ಇದು ವೈರಸ್. ಇಟ್ ಕ್ಯಾನ್ ಕಮ್ ಫ್ರಂ ಎನಿವೇರ್. ಸೊಪ್ಪಿನಿಂದ ಬರಬಹುದು. ಮರಿ ಕೊಟ್ಟ ಚಾಕಿ ಮನೆಯಿಂದ ಬರಬಹುದು. ಧೂಳಿನಿಂದ, ಬುಟ್ಟಿಯಿಂದ, ಸೆಖೆಯಿಂದ..." ಎಂದು ಪಟ್ಟಿ ಹೇಳಿದೆ. ಕ್ಲಾಸಿನಲ್ಲಿ ಹೇಳುವಂತೆ ಬೆರಳು ಮಡಚಿ ಮಡಚಿ ಹೇಳಿದೆ. ಬರಬಹುದಾದದ್ದೆಲ್ಲ ಪಟ್ಟಿಯಲ್ಲಿತ್ತು, ಬಂದದ್ದೊಂದನ್ನು ಬಿಟ್ಟು.

"ನಿಮಗೇನ್ ಗೊತ್ತು ಟೀಚರಮ್ಮ ಉಳದ್ ವಿಷ್ಯ? ನೀವು ಟಾರ್ಚ್ ನೋಡ್ಕೊಳ್ಳಿ" ಎಂದ ನಾಗರಾಜ. ಜನ ನಕ್ಕರು. ನಾನೂ ನಕ್ಕೆ. ಮುನಿರತ್ನಮ್ಮ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಆಮೇಲಿನ ಒಂದೂವರೆ ತಿಂಗಳು ನಾನು ನನಗೇ ಲಾಯರು. ಸ್ವಿಚ್ಚಿನಿಂದಲೇ ಬಂತು ಎನ್ನಲು ಪುರಾವೆ ಎಲ್ಲಿದೆ? ಸೊಪ್ಪಿನಲ್ಲೂ ಇದ್ದಿರಬಹುದು. ಆಂಜಿನಪ್ಪನ ಗುಂಡಿಯಿಂದ ನಾಯಿ ಹೊತ್ತು ತಂದಿರಬಹುದು. ಟಾರ್ಚಾಗಿದ್ದರೆ ಬೆಳ್ಳಿ ಕಾಗದ ಇಟ್ಟು ನೋಡಬಹುದಿತ್ತು, ಸತ್ತ ಹುಳುವಿಗೆ ಎಲ್ಲಿ ಇಟ್ಟು ನೋಡುವುದು? ಕಾನ್ವೆಂಟಿನಲ್ಲಿ ಶನಿವಾರ ಸಂಜೆ ಕ್ಯಾಥೊಲಿಕ್ ಹುಡುಗಿಯರು ಕನ್ಫೆಷನ್ನಿಗೆ ಸಾಲುಗಟ್ಟುತ್ತಿದ್ದರು. ಮರದ ಪೆಟ್ಟಿಗೆಯೊಳಗೆ ಮಂಡಿಯೂರಿ, ಜಾಲರಿಯಾಚೆಯ ಪಾದ್ರಿಯ ಕಿವಿಗೆ ಮಾಡಿದ ತಪ್ಪುಗಳನ್ನು ಪಿಸುಗುಟ್ಟಿ, ಐದು ನಿಮಿಷದಲ್ಲಿ ಹಗುರಾಗಿ ಕುಣಿಯುತ್ತ ಹೊರಬರುತ್ತಿದ್ದರು. ಹಿಂದೂ ಹುಡುಗಿಯರಾದ ನಾವು ಅಷ್ಟು ಹೊತ್ತು ಸೂಜಿ ದಾರ ಹಿಡಿದು ಹೆಮ್ಮಿಂಗ್ ಮಾಡಬೇಕು. ನನಗೆ ಹೊಟ್ಟೆಕಿಚ್ಚು. ಒಂದು ಸಲ ಸಿಸ್ಟರ್ ಆಗ್ನೆಸ್ಸರನ್ನು, "ನಾವು ಯಾರಿಗೆ ಹೇಳಬೇಕು ಸಿಸ್ಟರ್?" ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಯಾರಿಗೆ ಅನ್ಯಾಯ ಮಾಡಿದ್ದೀಯೋ ಅವರಿಗೆ, ಚೈಲ್ಡ್. ಅದು ಇನ್ನೂ ಕಷ್ಟ" ಎಂದರು. ಆಗ ಅದು ಕಷ್ಟದ ಮಾತು ಎನಿಸಿರಲಿಲ್ಲ. ಅನ್ಯಾಯವೆಂದರೆ ಪಕ್ಕದವಳ ಜಾಮಿಟ್ರಿ ಬಾಕ್ಸಿನ ರಬ್ಬರು ಕದಿಯುವುದು, ಅಷ್ಟೇ ಗೊತ್ತಿದ್ದ ಕಾಲ.

ಒಂದು ಗೋಡೆಯಾಚೆ ಮುನಿರತ್ನಮ್ಮ, ಈಚೆ ನಾನು. ಹೇಳಬೇಕೆಂದು ಹೋಗುತ್ತಿದ್ದೆ, ಸಕ್ಕರೆ ಕೇಳಿಕೊಂಡು ಬರುತ್ತಿದ್ದೆ. ಆ ತಿಂಗಳಷ್ಟು ಸಕ್ಕರೆ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಹೊಸ ಬೆಳೆಗೆ ಮರಿ ಬಂತು. ಭಾಗ್ಯ ಸೆರಗು ಬಿಗಿದು ಹುಳುಮನೆಗೆ ಹೋದಳು. ಮುನಿರತ್ನಮ್ಮ ಹೊರಗೆ ಕೂತು ಸೊಪ್ಪು ಕತ್ತರಿಸಿ ಬುಟ್ಟಿ ತುಂಬಿ ಹೊಸಿಲವರೆಗೆ ತಂದಿಡುತ್ತಿದ್ದಳು. ಒಂದು ಹೆಜ್ಜೆ ಮುಂದಿಡುತ್ತಿರಲಿಲ್ಲ. ಊರಿನವರ ಟಾರ್ಚುಗಳನ್ನು ನಾನು ಮುಟ್ಟುವುದನ್ನು ಬಿಟ್ಟೆ. ಕಣ್ಣು ಮಂಜಾಗಿದೆ ಎಂದೆ. ಜನ ಅದನ್ನೂ ನಂಬಿದರು.

ಒಂದು ದಿನ ಮುನಿರತ್ನಮ್ಮನೇ ಇರಲಿಲ್ಲ. ಗೌರಿಬಿದನೂರಿನ ಆಚೆ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸವಂತೆ, ಅಲೀಪುರದ ಹತ್ತಿರ ತಂಗಿಯ ಮನೆಯಲ್ಲಿ ಇರುತ್ತಾಳಂತೆ ಎಂದು ಅಕ್ಕಯಮ್ಮನೇ ಹೇಳಿದಳು. "ನೀನ್ ಇರೂ ಅಂದೆ, ಕೇಳ್ಲಿಲ್ಲ. ಪೋನೀ ಬಿಡಿ, ಓಗೋರು ಓಗ್ಲಿ" ಎಂದು ಗೊಣಗಿದವಳು, ಯಾಕೋ, ಸೊಸೆ ಕೂರುತ್ತಿದ್ದ ಜಾಗವನ್ನೇ ನೋಡುತ್ತಿದ್ದಳು.

ವಾರ ಕಳೆದು ಮುನಿರತ್ನಮ್ಮ ಬಟ್ಟೆಬರೆ ಒಯ್ಯಲು ಬಂದಳು. ಅವಳು ಹೊರಟಾಗ ನಾನೂ ಚೀಲ ಹಿಡಿದು, ಪೇಟೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಜೊತೆಗೆ ಆಟೋ ಹತ್ತಿದೆ. ದಾರಿಯುದ್ದಕ್ಕೂ ಮೂರು ಮೈಲಿ ಬಿಸಿಲಿನ ಬಗ್ಗೆ ಮಾತಾಡಿದೆ. ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಹಿಡಿಯಬೇಕಿದ್ದ ಚಿಕ್ಕಬಳ್ಳಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಸಿಮೆಂಟಿನ ಬೆಂಚಿನ ಮೇಲೆ ಪಕ್ಕಪಕ್ಕ ಕೂತೆವು.

"ಮುನಿರತ್ನ, ಆ ಸ್ವಿಚ್ಚು..." ಎಂದೆ.

"ಆಂಜಿನಪ್ಪಂದು" ಎಂದಳು ಅವಳು.

ನಾನು ಅವಳ ಕಡೆ ತಿರುಗಿದೆ. "ಗೊತ್ತಿತ್ತಾ ನಿನಗೆ?"

"ಬಟನ್ನು ಅಸ್ರು ಅಂತ ಅವತ್ತೇ ನೋಡ್ದೆ. ಎಲ್ಲಿಂದ ಬಂತು ಅಂತ ಒಳೆದಿದ್ದು ಉಳ ಸಾಯಕ್ ಶುರುವಾದ್ ಮೇಲೆ."

"ಮತ್ತೆ ಯಾಕೆ ಹೇಳಲಿಲ್ಲ? ಅಷ್ಟು ಜನ ಅಷ್ಟು ಮಾತಾಡುವಾಗ?"

ಅವಳು ಚೀಲದ ಹಿಡಿ ಸರಿಮಾಡಿದಳು. "ನಾನ್ ಹೇಳಿದ್ರೆ ಚಾಡಿ ಆಗ್ತಿತ್ತು. ನೀವ್ ಹೇಳಿದ್ರೆ ಮಾತಾಗ್ತಿತ್ತು. ಹೇಳ್ತೀರೇನೋ ಅಂತ ನೋಡ್ತಾ ಇದ್ದೆ."

ಇದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಐ ಆಮ್ ಸಾರಿ" ಎಂದೆ. ಅದು ಇಂಗ್ಲಿಷಿನಲ್ಲಿ ಎಷ್ಟು ಸುಲಭವಾಗಿ ಬರುತ್ತದೆ, ನೋಡಿ. ಎಲ್ಲೂ ನೋಯುವುದೇ ಇಲ್ಲ. ಅದಕ್ಕೇ ಇನ್ನೊಂದು ಸಲ, ಕನ್ನಡದಲ್ಲಿ, "ತಪ್ಪಾಯ್ತು ಕಣಮ್ಮ. ನಾನು ಹೆದರಿಕೊಂಡೆ. ಹಿಂದಕ್ಕೆ ಬಾ, ನಾಗರಾಜನ ಮುಂದೆ ನಾನೇ ಹೇಳ್ತೀನಿ" ಎಂದೆ.

"ಈಗ ಯಾಕ್ ಟೀಚರಮ್ಮ? ಭಾಗ್ಯನ್ ಉಳ ಮೂರನೇ ಜ್ವರದಾಗವೆ. ಚೆನ್ನಾಗವೆ. ಮನಸ್ ಕೆಡ್ಸ್‌ಬ್ಯಾಡಿ" ಎಂದಳು.

ನಾನು ಹೇಳಿದೆ, ಆಮೇಲೆ, ಆ ಸಂಜೆಯೇ, ಆ ಅಂಗಳದಲ್ಲೇ ನಿಂತು. ಅಕ್ಕಯಮ್ಮ ಗೌರಿಬಿದನೂರಿಗೆ ಎರಡು ಸಲ ಹೇಳಿ ಕಳಿಸಿದಳು. ಮುನಿರತ್ನಮ್ಮ ಬರಲಿಲ್ಲ. ಎರಡನೆಯ ಸಲ, "ಇಲ್ಲಿ ಕೆಲ್ಸಕ್ಕೆ ಒಗ್ಗಿದೀನಿ ಅಂತ ಹೇಳಿ" ಎಂದಳಂತೆ. ತಡವಾಗಿ ಹಾಕಿದ ಸ್ವಿಚ್ಚು ಆ ನನ್ನ ಮಾತು. ಒತ್ತಿದರೆ ಸದ್ದೇನೋ ಬಂತು. ಆ ವರ್ಷವೇ ನಾನೂ ಮನೆ ಖಾಲಿ ಮಾಡಿದೆ.

ಹಾಗಾಗಿ ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆ ಬಸ್‌ಸ್ಟ್ಯಾಂಡಿನಲ್ಲೇ. ಬಸ್ಸು ಬಂದು ನಿಂತಿತು. ಅವಳು ಎದ್ದವಳು, ಏನೋ ನೆನಪಾಗಿ, ಸೆರಗಿನೊಳಗಿನಿಂದ ನೀಲಿ ದಾರ ಎಳೆದು ಫ್ಯಾಕ್ಟರಿಯ ಕಾರ್ಡು ತೆಗೆದಳು. ಫೋಟೋದಲ್ಲಿ ಪೊಲೀಸಿಗೆ ಹೆದರಿದವಳ ಹಾಗಿದ್ದಳು. "ಇದ್ರಾಗೆ ನಮ್ ಎಸ್ರು ಕೆಳಗ್ ಏನ್ ಬರ್ದವ್ರೆ ಟೀಚರಮ್ಮ? ಎಲ್ಲಾ ಇಂಗ್ಲೀಷು. ಅಲ್ಲಿ ಕೇಳಕ್ಕೆ ನಾಚ್ಕೆ."

ಹೆಸರಿನ ಕೆಳಗೆ ಒಂದೇ ಪದವಿತ್ತು. ಅದನ್ನು ಆಪರೇಟರ್ ಎಂದು ಓದಬಹುದಿತ್ತು. ಸೂಪರ್‌ವೈಸರ್ ಎಂದರೂ ಅವಳು ನಂಬುತ್ತಿದ್ದಳು, ಗೌರಿಬಿದನೂರಿನವರೆಗಾದರೂ ಆ ಮಾತು ಅವಳ ಜೊತೆ ಹೋಗುತ್ತಿತ್ತು.

"ಹೆಲ್ಪರ್ ಅಂತ" ಎಂದೆ.

"ಅಷ್ಟೇನಾ?"

"ಅಷ್ಟೇ ಕಣಮ್ಮ."

ಅವಳು ಕಾರ್ಡನ್ನು ಕೈಯಲ್ಲಿ ಒಂದು ಸಲ ತಿರುಗಿಸಿ ನೋಡಿ, "ಸರ್‍ಯಾಗೇ ಓದಿದ್ರಿ ಬಿಡಿ" ಎಂದು ಮತ್ತೆ ಸೆರಗಿನೊಳಗೆ ಹಾಕಿಕೊಂಡಳು. ಬಸ್ಸು ಹತ್ತಿ, ನೆರಳಿರುವ ಕಡೆಯ ಸೀಟು ಹಿಡಿದಳು. ನಾನು ನಿಂತದ್ದು ಬಿಸಿಲಿನ ಕಡೆ.